ಸಾಕಿದ ಮೀನಿನ ರೋಗಕ್ಕೆ ಸಸ್ಯಗಳ ಸಾರಭೂತ ತೈಲ ಮದ್ದಾದೀತೇ?

ಪರ

ಸಾಕಿದ ಮೀನಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿದರೆ ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸಿ ಹಾಕುವುದು ಹಳೆಯ ರೂಢಿ. ಆದರೆ ಕಾಯಿಲೆಬಿದ್ದ ಮೀನು ಸರಿಯಾಗಿ ತಿನ್ನುವುದಿಲ್ಲ. ತಿನ್ನದೆ ಬಿಟ್ಟ ಆಹಾರ ಕೊಳದ ತಳ ಸೇರುತ್ತದೆ, ತಿಂದ ಔಷಧದಲ್ಲೂ ಒಂದಷ್ಟು ಮಲದೊಂದಿಗೆ ನೀರಿಗೇ ಮರಳುತ್ತದೆ. ಹೀಗೆ ಕೆಸರಿನಲ್ಲಿ ಉಳಿಯುವ ಅಲ್ಪ ಪ್ರಮಾಣದ ಔಷಧವು ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಅನುವು ಮಾಡಿಕೊಡುತ್ತದೆ. ಆ ನಿರೋಧಕ ಗುಣ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾಗಳಿಗೂ ದಾಟಬಲ್ಲದೆಂಬ ಕಾರಣಕ್ಕೆ ಪರ್ಯಾಯವನ್ನು ಹುಡುಕಲೇಬೇಕಾಗಿದೆ.

ಸಸ್ಯಗಳಿಂದ ತೆಗೆದ ಸುವಾಸನೆಯ ಸಾರಭೂತ ತೈಲಗಳು ಅಂತಹ ಒಂದು ಪರ್ಯಾಯ. ಥೈಮ್ ಮತ್ತು ಒರೆಗಾನೊ ಎಂಬ ಪರಿಮಳದ ಗಿಡಗಳ ತೈಲಗಳಲ್ಲಿರುವ ಥೈಮಾಲ್, ಕಾರ್ವಕ್ರಾಲ್, ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ಇವು ಕೊಬ್ಬಿನಲ್ಲಿ ಕರಗುವ ವಸ್ತುಗಳಾದ್ದರಿಂದ ಬ್ಯಾಕ್ಟೀರಿಯಾದ ಪೊರೆಯೊಳಕ್ಕೆ ನುಗ್ಗಿ ಅದನ್ನು ಸಡಿಲಗೊಳಿಸುತ್ತವೆ. ಪೊಟ್ಯಾಸಿಯಂ ಅಯಾನುಗಳು ಹೊರಕ್ಕೆ ಸೋರಿ, ಜೀವಕೋಶದ ಶಕ್ತಿ ಉತ್ಪಾದನೆಯೇ ಕುಸಿಯುತ್ತದೆ. ಒಂದೇ ಕಿಣ್ವವನ್ನು ಗುರಿಯಾಗಿಸುವ ಔಷಧದಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯಾಕ್ಕೆ ವಂಶವಾಹಿಯಲ್ಲಿ ಒಂದು ಬದಲಾವಣೆ ಸಾಕಾಗಬಹುದು, ಪೊರೆಯನ್ನೇ ಕೆಡಿಸುವ ಬಹುಘಟಕ ತೈಲದಿಂದ ಪಾರಾಗುವುದು ಅಷ್ಟು ಸುಲಭವಲ್ಲ. ದಾಲ್ಚಿನ್ನಿಯ ಸಿನ್ನಮಾಲ್ಡಿಹೈಡ್ ಇನ್ನೂ ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ: ಸೀಗಡಿಗಳನ್ನು ಕಾಡುವ ವಿಬ್ರಿಯೊ ಬ್ಯಾಕ್ಟೀರಿಯಾಗಳನ್ನು ಕೊಲ್ಲದಷ್ಟು ಕಡಿಮೆ ಪ್ರಮಾಣದಲ್ಲಿಯೂ ಅವುಗಳ ಪರಸ್ಪರ ರಾಸಾಯನಿಕ ಸಂಕೇತಗಳಿಗೆ ಅಡ್ಡಿಪಡಿಸಿ, ರೋಗಕಾರಕ ಶಕ್ತಿಯನ್ನು ತಗ್ಗಿಸುತ್ತದೆ. ರೋಗ ಬರುವ ಮೊದಲೇ, ಹಿತಮಿತವಾಗಿ ಆಹಾರದೊಂದಿಗೆ ಕೊಟ್ಟರೆ ಇಂತಹ ತೈಲಗಳು ಆಂಟಿಬಯಾಟಿಕ್ ಬಳಸಬೇಕಾದ ಸಂದರ್ಭಗಳನ್ನೇ ಕಡಿಮೆ ಮಾಡಬಲ್ಲವು.

ವಿರೋಧ

ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಕೊಳದಲ್ಲಿ ಮೀನು ಬದುಕುವುದಿಲ್ಲ. ಈ ತೈಲಗಳು ನೀರಿನಲ್ಲಿ ಕರಗುವುದಿಲ್ಲ. ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ಎಮಲ್ಸಿಫೈಯರ್ ಇಲ್ಲದೆ ಸುರಿದರೆ ಹೆಚ್ಚಿನವು ಮೇಲ್ಮೈಯಲ್ಲಿ ತೆಳುವಾಗಿ ಹರಡಿ ಆವಿಯಾಗುತ್ತವೆ, ಒಂದು ಮೂಲೆಯಲ್ಲಿ ಮಾರಕ ಸಾಂದ್ರತೆಯೂ ಇನ್ನೊಂದರಲ್ಲಿ ಶೂನ್ಯವೂ ಆಗಿ ನಿಲ್ಲುತ್ತವೆ. ಆಹಾರದಲ್ಲಿ ಬೆರೆಸಿದರೂ ಗುಳಿಗೆ ತಯಾರಿಸುವಾಗಿನ ಬಿಸಿಗೆ ಒಂದಷ್ಟು ಹಾರಿಹೋಗುತ್ತದೆ. ಸೂಕ್ಷ್ಮ ಕವಚದೊಳಗಿಟ್ಟು ಉಳಿಸಿಕೊಳ್ಳಬಹುದು, ಆದರೆ ಖರ್ಚು ಏರುತ್ತದೆ.

ಇದಕ್ಕಿಂತ ಗಂಭೀರವಾದದ್ದು ಪ್ರಮಾಣದ ಪ್ರಶ್ನೆ. ಮೀನಿಗೆ ಅರಿವಳಿಕೆ ಕೊಡಲು ಇದೇ ಲವಂಗದ ಎಣ್ಣೆಯನ್ನು ಬಳಸುವುದುಂಟು. ಮೀನು ಮೊದಲು ತೂಕಡಿಸುತ್ತದೆ, ಬಳಿಕ ಪಕ್ಕಕ್ಕೆ ವಾಲುತ್ತದೆ. ಪ್ರಮಾಣವೋ ಅವಧಿಯೋ ಹೆಚ್ಚಾದರೆ ಕಿವಿರಿನ ಚಲನೆಯೇ ನಿಂತು ಸಾಯುತ್ತದೆ. ಬ್ಯಾಕ್ಟೀರಿಯಾದ ಪೊರೆಯನ್ನು ಸಡಿಲಿಸುವ ವಸ್ತು ಕಿವಿರಿನ ಕೋಶಗಳನ್ನೂ, ನೀರಿನ ಅಮೋನಿಯಾವನ್ನು ನೈಟ್ರೇಟ್ ಆಗಿಸುವ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಬಿಟ್ಟುಬಿಡುತ್ತದೆಂದು ನಂಬಲು ಆಧಾರವಿಲ್ಲ. ‘ನೈಸರ್ಗಿಕ’ ಎಂಬ ಹಣೆಪಟ್ಟಿ ಈ ಅಪಾಯವನ್ನು ಮರೆಮಾಚುತ್ತದೆ ಎಂಬುದೇ ನನ್ನ ದೊಡ್ಡ ಆತಂಕ. ಥೈಮ್ ಎಂಬ ಒಂದೇ ಹೆಸರಿನ ಗಿಡದ ತೈಲ ಒಂದೆಡೆ ಥೈಮಾಲ್‌ನಿಂದ, ಇನ್ನೊಂದೆಡೆ ಲಿನಲೂಲ್ ಎಂಬ ಬೇರೆಯೇ ಘಟಕದಿಂದ ತುಂಬಿರಬಹುದು. ಹೀಗಿರುವಾಗ ಘಟಕಗಳ ವಿಶ್ಲೇಷಣೆಯಿಲ್ಲದ ಬಾಟಲಿಯನ್ನು ಔಷಧವೆಂದು ಹೇಗೆ ಕೊಡುವುದು?

ಆಂಟಿಬಯಾಟಿಕ್ ತಗ್ಗಿಸುವ ದಾರಿ ಆಗಲೇ ಸಾಬೀತಾಗಿದೆ. ನಾರ್ವೆಯ ಮೀನು ಸಾಕಣೆಯಲ್ಲಿ 1987ರಲ್ಲಿ ಸುಮಾರು 50 ಟನ್‌ಗಳಷ್ಟಿದ್ದ ಬಳಕೆ, ಸಾಲ್ಮನ್ ಉತ್ಪಾದನೆ ಹಲವು ಪಟ್ಟು ಬೆಳೆದರೂ, ಈಗ ಅದರ ಅತ್ಯಲ್ಪ ಭಾಗಕ್ಕೆ ಇಳಿದಿದೆ. ಇದಕ್ಕೆ ಮುಖ್ಯ ಕಾರಣ ಲಸಿಕೆ. ಜೊತೆಗೆ ಒಂದು ತಂಡದ ಮೀನು ಹಿಡಿದ ಮೇಲೆ ಆ ಜಾಗವನ್ನು ಕೆಲಕಾಲ ಖಾಲಿ ಬಿಡುವಂತಹ ಶಿಸ್ತು. ಸೀಗಡಿಗೆ ಅಂತಹ ಲಸಿಕೆ ಇಲ್ಲವೆಂಬುದು ನಿಜ, ಆದರೆ ಅಲ್ಲಿಯೂ ರೋಗಮುಕ್ತ ಮರಿ, ಕೊಳದಲ್ಲಿ ಮಿತವಾದ ಸೀಗಡಿ ಸಂಖ್ಯೆ ಮತ್ತು ಸಾಕಷ್ಟು ಆಮ್ಲಜನಕಕ್ಕೆ ತಗಲುವ ಹಣವನ್ನು ಕಡಿತಗೊಳಿಸಿ ತೈಲಕ್ಕೆ ಸುರಿಯುವುದು ಸರಿಯಲ್ಲ.