ಎನ್‌ಎಂಡಿಸಿ ಸರ್ಕಾರವೋ, ಅಲ್ಲವೋ?

ಅಮೆರಿಕ ಸರ್ಕಾರ 2025ರಲ್ಲಿ ಯುಎಸ್ ಸ್ಟೀಲ್ ಕಂಪನಿಯಲ್ಲಿ ‘ಗೋಲ್ಡನ್ ಶೇರ್’ ಇಟ್ಟುಕೊಂಡಿತು. ಇನ್ನು ಆ ಕಂಪನಿ ಹೆಸರು ಬದಲಿಸಬೇಕಾದರೂ, ಪಿಟ್ಸ್‌ಬರ್ಗ್‌ನಿಂದ ಕಚೇರಿ ಎತ್ತಬೇಕಾದರೂ ಅಧ್ಯಕ್ಷರು ಹೂಂ ಅನ್ನಬೇಕು. ಆಮೇಲೆ ಇಂಟೆಲ್‌ನಲ್ಲೂ ಸುಮಾರು ಶೇ 10 ಪಾಲು. ಸಂತೋಷ. ಸರ್ಕಾರ ವ್ಯಾಪಾರ ಮಾಡಬಾರದು ಅಂತ ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರು ಕೊನೆಗೂ ಅಂಗಡಿ ಇಟ್ಟರು.

ಇದೇ ಮೇಷ್ಟ್ರು ಕಬ್ಬಿಣದ ಅದಿರು ತೆಗೆಯುವ, ಕೇಂದ್ರ ಸರ್ಕಾರದ ಒಡೆತನದ ನಮ್ಮ ಎನ್‌ಎಂಡಿಸಿಯನ್ನು ಎಷ್ಟು ಕಾಡಿದರು, ನೆನಪಿದೆಯಲ್ಲ? ಎನ್‌ಎಂಡಿಸಿ ಅಂದರೆ ಭಾರತ ಸರ್ಕಾರವೇ, ಅದು ಅಗ್ಗಕ್ಕೆ ಅದಿರು ಮಾರಿದರೆ ಸಬ್ಸಿಡಿ ಕೊಟ್ಟ ಹಾಗೇ ಅಂತ ನಮ್ಮ ಉಕ್ಕಿಗೆ ಹೆಚ್ಚುವರಿ ಸುಂಕ. ನಾವು 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದೆವು. 2014ರಲ್ಲಿ ಮೇಲ್ಮನವಿ ಪೀಠ ಹೇಳಿತು: ಷೇರು ಸರ್ಕಾರದ್ದು, ನಿರ್ದೇಶಕರನ್ನು ನೇಮಿಸೋದೂ ಸರ್ಕಾರ. ಆದರೆ ಅಷ್ಟಕ್ಕೇ ಕಂಪನಿ ಸರ್ಕಾರವಾಗಿಬಿಡುವುದಿಲ್ಲ, ಅದು ಸರ್ಕಾರದ ಕೆಲಸ ಮಾಡುತ್ತದೆಯೇ ನೋಡಬೇಕು.

ಆಹಾ, ಎಂಥ ವಿವೇಕ! ಆ ಪಂಡಿತರು ಒಮ್ಮೆ ಸಂಡೂರಿಗೆ ಬರಬೇಕಿತ್ತು. 2018ರ ನವೆಂಬರ್‌ನಲ್ಲಿ ದೋಣಿಮಲೈ ಗಣಿಯ ಲೀಸ್ ಮುಗಿಯಿತು. ಮುಂದುವರಿಸಲು ರಾಜ್ಯ ಸರ್ಕಾರ ಅದಿರಿನ ಮಾರಾಟ ಮೌಲ್ಯದ ಶೇ 80 ಪ್ರೀಮಿಯಂ ಕೇಳಿತು. ಆಗಲ್ಲ ಎಂದಿತು ಎನ್‌ಎಂಡಿಸಿ. ಗಣಿ ಬಂದ್. ಅತ್ತ ವಿಶ್ವ ವ್ಯಾಪಾರ ಸಂಸ್ಥೆಯ ಜಿನೀವಾದಲ್ಲಿ ಅದು ಸರ್ಕಾರ ಹೌದೋ ಅಲ್ಲವೋ ಎಂಬ ವಾದ, ಇತ್ತ ಬಳ್ಳಾರಿ ಜಿಲ್ಲೆಯಲ್ಲಿ ಸರ್ಕಾರದ ಜತೆಗೇ ಅದರ ಜಗಳ. ಮತ್ತೆ ಅದಿರು ತೆಗೆದದ್ದು 2021ರ ಫೆಬ್ರುವರಿಯಲ್ಲಿ. ಗಣಿ ನಿಂತರೆ ಲಾರಿ ನಿಲ್ಲುತ್ತದೆ, ಲಾರಿ ನಿಂತರೆ ರಸ್ತೆ ಬದಿಯ ಹೋಟೆಲ್ ನಿಲ್ಲುತ್ತದೆ. ಗಣಿಯೂ ಜನರದ್ದು, ಸರ್ಕಾರವೂ ಜನರದ್ದು ಅನ್ನುತ್ತಾರಲ್ಲ, ಎರಡು ವರ್ಷಕ್ಕೂ ಮೇಲೆ ಸುಮ್ನೆ ಕೂತ ಆ ಜನರನ್ನು ಯಾರಾದರೂ ಒಂದು ಮಾತು ಕೇಳಿದರಾ? ನಗಿಸೋಣ ಅಂತ ಬರೆಯೋಕೆ ಕೂತರೆ ಇಲ್ಲಿಗೆ ಬಂದಾಗ ಸಾಕಾಗುತ್ತದೆ.

ಪೀಠದ ಕಥೆ ಇನ್ನೂ ಚಂದ. ಸದಸ್ಯರ ನೇಮಕಕ್ಕೆ ಅಡ್ಡಗಾಲು ಹಾಕಿ ಅದನ್ನು ಖಾಲಿ ಮಾಡಿಸಿದ್ದೇ ಅಮೆರಿಕ. 2019ರ ಡಿಸೆಂಬರ್‌ನಲ್ಲಿ ಉಳಿದವರು ಒಬ್ಬರು, ಕೇಸು ಕೇಳಲು ಬೇಕಾದವರು ಮೂವರು. 2014ರ ತೀರ್ಪನ್ನು ಅಮೆರಿಕ ಪಾಲಿಸಿತೋ ಇಲ್ಲವೋ ಎಂದು ಇದೇ ಕೇಸಿನ ಎರಡನೇ ಸುತ್ತು ನಡೆದಿತ್ತು; ಅದೇ ತಿಂಗಳು ಅದರಲ್ಲಿ ಅಮೆರಿಕ ಅದೇ ಪೀಠಕ್ಕೆ ಮೇಲ್ಮನವಿ ಹಾಕಿತು! ನಾವೇನು ಕಮ್ಮಿ? ಸಕ್ಕರೆ ಸಬ್ಸಿಡಿ ಕೇಸು ಸೋತ ಮೇಲೆ ನಾವೂ ಅಲ್ಲೇ ಅರ್ಜಿ ಕೊಟ್ಟು ಬಂದೆವು.

2023ರಲ್ಲಿ ಎರಡೂ ದೇಶ ಆರು ಕೇಸುಗಳನ್ನು ಒಟ್ಟಿಗೆ ರಾಜಿ ಮಾಡಿಕೊಂಡವು. ಅದರಲ್ಲಿ ಇದೂ ಒಂದು. ಎನ್‌ಎಂಡಿಸಿ ಸರ್ಕಾರವೋ ಅಲ್ಲವೋ ಅನ್ನೋದು ಯಾರಿಗೂ ಬೇಕಾಗಲಿಲ್ಲ. 2025ರಲ್ಲಿ ಉಕ್ಕಿಗೆ ಶೇ 50 ಸುಂಕ ಜಡಿದಾಗ ಅಮೆರಿಕ ಆ ಪ್ರಶ್ನೆ ಕೇಳಲೂ ಇಲ್ಲ.