ಸ್ವಾತಂತ್ರ್ಯ ಬಂತು, ಸಂಭಾವನೆ ದಾರಿಯಲ್ಲಿದೆ

ಚಿತ್ರ ಬರೆಯುವವರೇ, ಹಾಡು ಕಟ್ಟುವವರೇ, ಕಥೆ ಬರೆದು ಓದುಗರಿಗೆ ಕಾಯುತ್ತ ಕೂತವರೇ, ಎಲ್ಲರಿಗೂ ಅಭಿನಂದನೆ. ವಿಕೇಂದ್ರೀಕೃತ, ಅಂದರೆ ಒಂದೇ ಕಂಪನಿಯ ಕೈಯಲ್ಲಿಲ್ಲದ, ಸಾಮಾಜಿಕ ಜಾಲತಾಣ ಬಂದಾಗಿದೆ. ಇನ್ನು ನಿಮ್ಮ ತಲೆ ಮೇಲೆ ಧಣಿ ಇಲ್ಲ. ಜಾಹೀರಾತಿನ ಕಾಟ ಇಲ್ಲ. ನಿಮ್ಮ ಪೋಸ್ಟನ್ನು ಯಾರಿಗೆ ತೋರಿಸಬೇಕು, ಯಾರಿಂದ ಬಚ್ಚಿಡಬೇಕು ಅಂತ ತೀರ್ಮಾನಿಸುವ ಅಲ್ಗಾರಿದಮ್ ಇಲ್ಲ. ದುಡ್ಡೂ ಇಲ್ಲ. ಆದರೆ ಇಂಥ ಶುಭ ಗಳಿಗೆಯಲ್ಲಿ ಆ ಮಾತು ಯಾಕೆ, ಅಲ್ವಾ?

ಇಂಥದ್ದೇ ಒಂದು ಜಾಲತಾಣ ಮಾಸ್ಟಡಾನ್ ನೋಡಿ. 2016ರಲ್ಲಿ ಶುರುವಾದದ್ದು. ಸಾವಿರಾರು ಸರ್ವರ್‌ಗಳು. ಒಂದೊಂದನ್ನೂ ಯಾರೋ ಪುಣ್ಯಾತ್ಮರು ನಿದ್ದೆಗೆಟ್ಟು ನಡೆಸುತ್ತಾರೆ. ನೀವು ಚಿತ್ರ ಹಾಕುತ್ತೀರಿ. ಜನ ಒಳ್ಳೆಯವರು. ನಕ್ಷತ್ರ ಒತ್ತುತ್ತಾರೆ, ಬೂಸ್ಟ್ ಮಾಡಿ ತಮ್ಮವರಿಗೂ ತಲುಪಿಸುತ್ತಾರೆ, ಕಣ್ಣು ಕಾಣದವರಿಗಾಗಿ ಚಿತ್ರದ ವಿವರಣೆ ಬರೆದಿಲ್ಲವಲ್ಲ ಅಂತ ಮೆತ್ತಗೆ ನೆನಪಿಸುತ್ತಾರೆ. (ಇದು ನಿಜಕ್ಕೂ ಒಳ್ಳೇ ಅಭ್ಯಾಸ, ಗೇಲಿ ಅಲ್ಲ.) ಅದೇ ಗುಂಗಿನಲ್ಲಿ ನೀವು ‘ಇದರ ಪ್ರಿಂಟ್ ಮಾರಾಟಕ್ಕಿದೆ’ ಅಂತೀರಿ. ತುಂಬಿದ ಸಭೆಯಲ್ಲಿ ಆಡಬಾರದ ಮಾತು ಆಡಿದ ಹಾಗೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಕೆಲವು ಸರ್ವರ್‌ಗಳಲ್ಲಂತೂ ಪ್ರಚಾರಕ್ಕೇ ನಿಷೇಧ. ಕಲೆ ಪವಿತ್ರ ನೋಡಿ. ಕಲಾವಿದರ ಮನೆ ಬಾಡಿಗೆ ಅಷ್ಟು ಪವಿತ್ರ ಅಲ್ಲ.

ಹಾಗಾದರೆ ದುಡ್ಡು ಎಲ್ಲಿಂದ? ದೇಣಿಗೆಯಿಂದ. ಮಾಸ್ಟಡಾನ್ ಕಟ್ಟುವವರೇ ದೇಣಿಗೆಗೆ ಕೈ ಚಾಚುತ್ತಾರೆ, ಅದೂ ಪೇಟ್ರಿಯಾನ್ ಎಂಬ ಅಪ್ಪಟ ಕೇಂದ್ರೀಕೃತ ಕಂಪನಿಯ ಮೂಲಕ. ಸರ್ವರ್ ನಡೆಸುವವರೂ ದೇಣಿಗೆ ಕೇಳುತ್ತಾರೆ. ನೀವೂ ಕೇಳುತ್ತೀರಿ. ನೀವು ಸರ್ವರ್‌ನವರಿಗೆ ಕೊಡುತ್ತೀರಿ, ಅವರು ಪಾಪ ಅಂತ ಕವಿಗೆ ಕೊಡುತ್ತಾರೆ, ಕವಿ ನಿಮಗೆ ಕೊಡುತ್ತಾರೆ. ಒಂದೇ ದುಡ್ಡು ಊರೆಲ್ಲ ಸುತ್ತಿ ಬರುತ್ತದೆ. ಪ್ರತಿ ಸುತ್ತಿನಲ್ಲೂ ಪೇಮೆಂಟ್ ಕಂಪನಿ ಒಂದು ಚೂರು ಚಿವುಟಿಕೊಳ್ಳುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ತಿಂಗಳು ತಿಂಗಳು ತಪ್ಪದೆ ದುಡಿಮೆ ಇರುವುದು ಅದಕ್ಕೊಂದಕ್ಕೇ.

ದೇಣಿಗೆ ನಾಚಿಕೆ ಅನಿಸಿದವರಿಗೆ ಟೋಕನ್, ಅಂದರೆ ಕ್ರಿಪ್ಟೋ ನಾಣ್ಯ, ಇತ್ತು. ಅದೇ 2016ರಲ್ಲಿ ಬಂದ ಸ್ಟೀಮಿಟ್ ಎಂಬ ತಾಣದಲ್ಲಿ ಬರೆದರೆ ದುಡ್ಡು, ಓಟು ಹಾಕಿದರೂ ದುಡ್ಡು. ಒಂದೇ ಸಣ್ಣ ಷರತ್ತು: ಯಾರ ಹತ್ತಿರ ಟೋಕನ್ ಜಾಸ್ತಿಯೋ ಅವರ ಓಟಿಗೆ ತೂಕ ಜಾಸ್ತಿ. ಅಂಥವರಿಗೆ ಅಲ್ಲಿ ತಿಮಿಂಗಿಲ ಅನ್ನುತ್ತಿದ್ದರು. ನಿಮ್ಮ ಕವಿತೆ ನೂರು ಬಡವರಿಗೆ ಇಷ್ಟವಾದರೆ ಚಿಲ್ಲರೆ, ಒಂದು ತಿಮಿಂಗಿಲಕ್ಕೆ ಇಷ್ಟವಾದರೆ ಹಬ್ಬ. ಹೀಗೆ ಯಜಮಾನರಿಲ್ಲದ ಮನೆಯನ್ನು 2020ರಲ್ಲಿ ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್ ಎಂಬ ಯಜಮಾನರು ಕೊಂಡುಕೊಂಡರು. ಹಿಡಿತ ಯಾರದು ಅಂತ ಜಗಳ ಹತ್ತಿತು. ಟೋಕನ್ ಕೊಂಡು ಮಾರುವ ಎಕ್ಸ್‌ಚೇಂಜ್‌ಗಳು ಗ್ರಾಹಕರು ಇಟ್ಟಿದ್ದ ಟೋಕನ್‌ಗಳನ್ನೇ ಎತ್ತಿ ಸನ್ ಪರ ಓಟು ಹಾಕಿದವು. ಬೇಸತ್ತವರು ಹೈವ್ ಅಂತ ಬೇರೆ ಸಂಸಾರ ಹೂಡಿದರು. ಕವಿತೆ ಏನಾಯಿತು ಅಂತ ಯಾರೂ ಕೇಳಲಿಲ್ಲ.

ಎನ್‌ಎಫ್‌ಟಿ, ಅಂದರೆ ಡಿಜಿಟಲ್ ಚಿತ್ರದ ಒಡೆತನದ ಚೀಟಿ, ಅದರ ಕಥೆ ಬೇಗ ಮುಗಿಸೋಣ. ಚಿತ್ರ ಕೈ ಬದಲಾದಾಗಲೆಲ್ಲ ಬರೆದವರಿಗೆ ರಾಯಲ್ಟಿ, ಸಾಯುವ ತನಕ, ಯಾರೂ ತಪ್ಪಿಸಲಾರರು ಅಂದಿದ್ದರು. 2023ರ ಆಗಸ್ಟ್‌ನಲ್ಲಿ ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆ ಇನ್ನು ರಾಯಲ್ಟಿ ಕಡ್ಡಾಯ ಅಲ್ಲ, ಇಷ್ಟ ಇದ್ದವರು ಕೊಡಬಹುದು ಅಂತ ಘೋಷಿಸಿತು.

ನನಗೆ ಬಹಳ ಹಿಡಿಸಿದ್ದು ಮಾತ್ರ ನಾಸ್ಟರ್ ಎಂಬ ಇನ್ನೊಂದು ವಿಕೇಂದ್ರೀಕೃತ ಜಾಲ. ಅಲ್ಲಿ ಪೋಸ್ಟ್ ಮೆಚ್ಚಿದವರು ‘ಝ್ಯಾಪ್’ ಕೊಡುತ್ತಾರೆ. ಅಂದರೆ ಬಿಟ್‌ಕಾಯಿನ್‌ನ ಪುಡಿ. ಒಂದು ಬಿಟ್‌ಕಾಯಿನ್‌ಗೆ 10 ಕೋಟಿ ಸತೋಶಿ, ಅಂಥ 21 ಸತೋಶಿ ನಿಮ್ಮ ಖಾತೆಗೆ ಮಿಂಚಿನ ವೇಗದಲ್ಲಿ ಬಂದು ಬೀಳುತ್ತದೆ. ವೇಗಕ್ಕೇನೂ ಕೊರತೆ ಇಲ್ಲ. ಸರ್ಕಾರ ತಡೆಯಲಾರದು, ಬ್ಯಾಂಕು ತಡೆಯಲಾರದು ಅಂತ ಎದೆ ತಟ್ಟಿಕೊಂಡರು. 2023ರ ಜೂನ್‌ನಲ್ಲಿ ಆಪಲ್ ತಡೆಯಿತು. ಡ್ಯಾಮಸ್ ಎಂಬ ನಾಸ್ಟರ್ ಆ್ಯಪ್‌ಗೆ ಅದು ಹೇಳಿದ್ದರ ಸಾರ ಇಷ್ಟು: ಪೋಸ್ಟಿನ ಕೆಳಗೆ ಟಿಪ್ಸ್ ಬಟನ್ ಇಟ್ಟರೆ ಅದು ಡಿಜಿಟಲ್ ಸರಕಿನ ಮಾರಾಟ, ನಮ್ಮ ಪಾವತಿ ವ್ಯವಸ್ಥೆಯಲ್ಲೇ ಆಗಬೇಕು. ಪ್ರೊಫೈಲ್ ಕೆಳಗೆ ಇಟ್ಟರೆ ಪರವಾಗಿಲ್ಲ. ಇದನ್ನು ನಿಧಾನವಾಗಿ ಓದಿ. ಓದುಗರು ನಿಮ್ಮನ್ನು ಮೆಚ್ಚಿ ದುಡ್ಡು ಕೊಡಬಹುದಿತ್ತು. ನಿಮ್ಮ ಕೆಲಸ ಮೆಚ್ಚಿ ಕೊಡುವ ಹಾಗಿರಲಿಲ್ಲ. ಡ್ಯಾಮಸ್ ತಲೆಬಾಗಿತು, ಬಟನ್ ಪ್ರೊಫೈಲ್‌ಗೆ ಗುಳೆ ಹೋಯಿತು. ಯಾರೂ ತಡೆಯಲಾಗದ ದುಡ್ಡು, ಫೋನ್ ತಯಾರಿಸುವವರನ್ನು ಕೇಳಿಕೊಂಡು ಬರಬೇಕಾಯಿತು.

ಹಾಗಾದರೆ ಈ ಹೊಸ ಜಾಲತಾಣಗಳಲ್ಲಿ ಯಾರೂ ದುಡಿಯುತ್ತಿಲ್ಲವೇ? ದುಡಿಯುತ್ತಿದ್ದಾರೆ. ಪರಿಚಯವಾದ ನಾಲ್ಕು ಜನರಿಗೆ ಹೇಳಿದ್ದು ಬರೆದುಕೊಟ್ಟು, ಮುಂಗಡ ಈಸಿಕೊಂಡು, ಉಳಿದದ್ದಕ್ಕೆ ಮತ್ತೆ ಮತ್ತೆ ಮೆಸೇಜ್ ಹಾಕಿ. ಲಿಂಕ್ ಹಾಕಿದರೆ ಮೂಲೆಗೆ ತಳ್ಳುವ ಚಾಳಿ ಇಲ್ಲಿ ಇಲ್ಲ, ಅದೊಂದು ಉಪಕಾರ. ಇದಕ್ಕೆ ಟೋಕನ್ ಬೇಡ, ಬ್ಲಾಕ್‌ಚೈನ್ ಬೇಡ. ಹಾಗಾಗಿಯೇ ಇದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

ಭಾಷಣವೆಲ್ಲ ‘ಸೃಜನಶೀಲರ ಹೊಸ ಆರ್ಥಿಕತೆ’ ಎಂಬ ಸಮ್ಮೇಳನಗಳಲ್ಲಿ. ವೇದಿಕೆ ಮೇಲೆ ಹೂಡಿಕೆದಾರರು, ಕೋಡ್ ಬರೆಯುವವರು, ಸಲಹೆಗಾರರು. ಟಿಕೆಟ್‌ಗೆ ಕ್ರೆಡಿಟ್ ಕಾರ್ಡ್ ಮಾತ್ರ ನಡೆಯುತ್ತದೆ, ಸತೋಶಿ ತಗೊಳ್ಳುವುದಿಲ್ಲ. ಪೋಸ್ಟರ್ ಮಾಡಿಕೊಡಲು ನಿಮಗೇ ಕರೆ ಬರುತ್ತದೆ. ಸಂಭಾವನೆ ಎಷ್ಟು ಅಂತ ಕೇಳಿ ನೋಡಿ. ಪೋಸ್ಟರಿನ ಮೂಲೆಯಲ್ಲಿ ನಿಮ್ಮ ಹ್ಯಾಂಡಲ್, ಅಂದರೆ ಖಾತೆಯ ಹೆಸರು, ಹಾಕುತ್ತಾರಂತೆ. ಸರ್ವರ್ ಹೆಸರಿನ ಸಮೇತ.