ಡ್ಯಾಶ್‌ಬೋರ್ಡಿನ ಮೇಲಿನ ಹಳೇ ಫೋನು

ಹೊಸನಗರ ದಾಟಿ, ನಗರ ಎಂಬ ಊರಿನ ಕೋಟೆಯನ್ನೂ ಹಿಂದೆ ಬಿಟ್ಟು ಕೊಲ್ಲೂರಿನ ಕಡೆ ಹೊರಟಿದ್ದೆವು. ಡಿಸೆಂಬರ್ ತಿಂಗಳು, ಆರೂವರೆಗೇ ಕತ್ತಲು ಕವಿದಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಚಹಾಕ್ಕೆಂದು ನಿಲ್ಲಿಸಿದಾಗ ನನ್ನ ಫೋನು ತಾನಾಗಿಯೇ ಆಫ್ ಆಗಿ ಮತ್ತೆ ಆನ್ ಆಯಿತು. ಮ್ಯಾಪ್ ತೆರೆದರೆ ಬೂದು ಬಣ್ಣದ ಖಾಲಿ ಪರದೆ, ನಟ್ಟನಡುವೆ ಒಂದು ನೀಲಿ ಚುಕ್ಕಿ. ರಸ್ತೆಯಿಲ್ಲ, ಊರಿನ ಹೆಸರಿಲ್ಲ. ನೆಟ್‌ವರ್ಕ್ ಅರ್ಧ ಗಂಟೆ ಹಿಂದೆಯೇ ಹೋಗಿತ್ತು. ಚಹಾ ಕೊಟ್ಟ ಹಿರಿಯರೇ ಹೊರಗೆ ಬಂದು, "ನಿಟ್ಟೂರಿಗೆ ಹೋಗಿ, ಅಲ್ಲಿಂದ ನಾಗೋಡಿ ಮೇಲೆ ಘಾಟಿ ಇಳೀರಿ, ಮಧ್ಯ ಯಾರಾದ್ರೂ ಸಿಕ್ರೆ ಒಂದ್ಸಲ ಕೇಳ್ಕೊಳಿ" ಅಂದರು. ಹಾಗೆಯೇ ಮಾಡಿ ಕೊಲ್ಲೂರು ತಲುಪಿದೆವು.

ಆದರೆ ಆ ನೀಲಿ ಚುಕ್ಕಿ ನನ್ನ ತಲೆಯಿಂದ ಹೋಗಲಿಲ್ಲ. ಘಾಟಿ ಇಳಿಯುವಾಗಲೂ ಅದು ಖಾಲಿ ಪರದೆಯ ಮೇಲೆ ನಮ್ಮ ಜೊತೆಗೇ ಸಾಗುತ್ತಿತ್ತು, ಪ್ರತಿ ತಿರುವಿನಲ್ಲೂ ತಿರುಗುತ್ತಿತ್ತು. ಅಂದರೆ ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂಬುದು ಫೋನಿಗೆ ಸರಿಯಾಗಿಯೇ ಗೊತ್ತಿತ್ತು. ಗೊತ್ತಿಲ್ಲದ್ದು ಸುತ್ತ ಏನಿದೆ ಎಂಬುದಷ್ಟೇ.

ರಜೆ ಹತ್ತಿರ ಬಂದಂತೆಲ್ಲ ಗೆಳೆಯರು, ನೆಂಟರು ನನಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಕಾರಿಗೆ ಕಡಿಮೆ ದುಡ್ಡಲ್ಲಿ ಯಾವ ನ್ಯಾವಿಗೇಶನ್ ಹಾಕಿಸ್ಲಿ?" ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ. ಏನೂ ಹಾಕಿಸಬೇಡಿ. ನಿಮ್ಮ ಮನೆಯ ಡ್ರಾಯರಿನಲ್ಲಿ ಒಂದು ಹಳೇ ಫೋನು ಬಿದ್ದಿರುತ್ತದೆ, ಅದನ್ನು ಹೊರಗೆ ತೆಗೆಯಿರಿ.

ಹೀಗೆ ಹೇಳುವ ಮೊದಲು ನಾನೂ ಅಂಗಡಿ ಸುತ್ತಿದ್ದೇನೆ. ಒಂದು ಕಡೆ ದೊಡ್ಡ ಆಂಡ್ರಾಯ್ಡ್ ಸ್ಟೀರಿಯೊ ತೋರಿಸಿ 14,000 ರೂಪಾಯಿ ಹೇಳಿದರು. ಪರದೆ ಚೆನ್ನಾಗಿತ್ತು. ಜಿಪಿಎಸ್ ಆಂಟೆನಾ ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದೆ. ಆ ಸೆಟ್ಟುಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಒಂದು ಕಪ್ಪು ಡಬ್ಬಿ ವೈರಿನ ತುದಿಯಲ್ಲಿರುತ್ತದೆ, ಅದಕ್ಕೆ ಗಾಜಿನ ಮೂಲಕ ಆಕಾಶ ಕಾಣಬೇಕು. "ಒಳಗಡೆ ಎಲ್ಲೋ ಸೇರಿಸಿಬಿಡ್ತೀವಿ ಸರ್" ಎಂದರು ಹುಡುಗರು. ಕಬ್ಬಿಣದ ಹಿಂದೆ ಆ ಡಬ್ಬಿ ಸೇರಿತೆಂದರೆ 14,000ದ ಸೆಟ್ಟು ದಾರಿ ತೋರಿಸುವಾಗ ತಡಕಾಡುತ್ತದೆ. ಜೊತೆಗೆ ವೈರಿಂಗ್ ಕತ್ತರಿಸಿ ಜೋಡಿಸಿದರೆ ಹೊಸ ಕಾರಿನ ವಾರಂಟಿಗೆ ತೊಂದರೆ. ಹಾಡು ಕೇಳಲು, ರಿವರ್ಸ್ ಕ್ಯಾಮೆರಾ ನೋಡಲು ಅದನ್ನು ಹಾಕಿಸಿಕೊಳ್ಳುವವರು ಹಾಕಿಸಿಕೊಳ್ಳಲಿ. ದಾರಿಗಾಗಿ ಮಾತ್ರ ಬೇಡ.

ಕಾರಿನಲ್ಲಿ ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಈಗಾಗಲೇ ಇದ್ದವರು ತಮಗೆ ಚಿಂತೆಯಿಲ್ಲ ಅಂದುಕೊಂಡಿರುತ್ತಾರೆ. ಮ್ಯಾಪ್ ಓಡುವುದು ನಿಮ್ಮ ಫೋನಿನಲ್ಲೇ, ಕಾರಿನ ಪರದೆ ಅದನ್ನು ದೊಡ್ಡದಾಗಿ ತೋರಿಸುತ್ತದೆ ಅಷ್ಟೆ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡಿಲ್ಲವೆಂದರೆ ನನಗೆ ಕಂಡ ಖಾಲಿ ಬೂದು ಪರದೆಯೇ ನಿಮಗೂ ಕಾಣುತ್ತದೆ, ಒಂಬತ್ತು ಇಂಚಿನಲ್ಲಿ.

ಇನ್ನು ಗಾರ್ಮಿನ್, ಮ್ಯಾಪ್‌ಮೈಇಂಡಿಯಾದಂಥ ಕಂಪನಿಗಳ ಪ್ರತ್ಯೇಕ ನ್ಯಾವಿಗೇಟರ್‌ಗಳು. ಹತ್ತು ಹದಿನೈದು ವರ್ಷದ ಹಿಂದೆ ಕಾರಿನ ಗಾಜಿಗೆ ಅವು ಅಂಟಿಕೊಂಡಿರುವುದನ್ನು ನೋಡಿ ಆಸೆಪಟ್ಟವರಲ್ಲಿ ನಾನೂ ಒಬ್ಬ. ಈಗ ಅವು ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುತ್ತವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಂದು ವಿಷಯ ನೆನಪಿಡಿ. ಜಿಪಿಎಸ್ ಉಪಗ್ರಹಗಳು ಕಳಿಸುವ ಮೂಲ ಸಂಕೇತದಲ್ಲಿ ವಾರಗಳ ಎಣಿಕೆ 1,024ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಸುಮಾರು 19 ವರ್ಷ 7 ತಿಂಗಳಿಗೊಮ್ಮೆ. ಕಳೆದ ಸಲ ಹಾಗಾದದ್ದು 2019ರ ಏಪ್ರಿಲ್ 6ರ ರಾತ್ರಿ. ಅದಕ್ಕೆ ತಕ್ಕ ಸಾಫ್ಟ್‌ವೇರ್ ಪಡೆಯದ ಹಳೆಯ ಯಂತ್ರಗಳಲ್ಲಿ ತಾರೀಖೇ ತಪ್ಪಿಹೋಯಿತು. ಮೇಲಾಗಿ ಅವುಗಳೊಳಗಿನ ನಕ್ಷೆ ಯಾವ ಕಾಲದ್ದೋ, ಹೊಸದು ಹಾಕಲು ಕಂಪನಿಯ ಬೆಂಬಲ ಉಳಿದಿದೆಯೋ ಇಲ್ಲವೋ. ನಮ್ಮ ಅರ್ಧದಷ್ಟು ಬೈಪಾಸ್‌ಗಳು ಹುಟ್ಟುವ ಮೊದಲಿನ ನಕ್ಷೆ ಇಟ್ಟುಕೊಂಡು ಎಲ್ಲಿಗೆ ಹೋಗುವುದು?

ಆ ಯಂತ್ರಗಳಲ್ಲಿ ಒಂದು ನಿಜವಾದ ಗುಣವಿತ್ತು. ದಾರಿ ತೋರಿಸುವುದೊಂದೇ ಅವುಗಳ ಕೆಲಸ. ಮಧ್ಯೆ ಕರೆ ಬರುವುದಿಲ್ಲ, ವಾಟ್ಸಾಪ್ ಸಂದೇಶ ತಿರುವನ್ನು ಮುಚ್ಚಿಹಾಕುವುದಿಲ್ಲ. ಸಿಮ್ ತೆಗೆದ ಹಳೇ ಫೋನು ಇದೇ ಗುಣವನ್ನು ಬಿಟ್ಟಿಯಾಗಿ ಕೊಡುತ್ತದೆ.

"ಸಿಮ್ ಇಲ್ಲದೆ ಜಿಪಿಎಸ್ ಹೇಗೆ?" ಎಂದು ಎಂಜಿನಿಯರಿಂಗ್ ಓದಿದವರೂ ಕೇಳಿದ್ದಾರೆ. ಫೋನಿನ ಜಿಪಿಎಸ್ ಒಂದು ರೇಡಿಯೊ ಇದ್ದ ಹಾಗೆ, ಕೇಳಿಸಿಕೊಳ್ಳುತ್ತದೆ ಅಷ್ಟೆ, ಏನನ್ನೂ ಕಳಿಸುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಸಮಯ, ತಮ್ಮ ಜಾಗ ಹೇಳುತ್ತಲೇ ಇರುತ್ತವೆ. ಕನಿಷ್ಠ ನಾಲ್ಕರ ದನಿ ಕೇಳಿಸಿದರೆ ಫೋನು ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಡೇಟಾ ಬೇಡ, ರೀಚಾರ್ಜ್ ಬೇಡ. ಡೇಟಾ ಬೇಕಾಗುವುದು ನಕ್ಷೆಯನ್ನು ಇಳಿಸಿಕೊಳ್ಳಲು ಮತ್ತು ಟ್ರಾಫಿಕ್ ತಿಳಿಯಲು. ನಕ್ಷೆಯನ್ನು ಮನೆಯ ವೈಫೈನಲ್ಲೇ ಇಳಿಸಿಕೊಳ್ಳಬಹುದು. ಟ್ರಾಫಿಕ್ ವಿಚಾರ ಬೆಂಗಳೂರಿಗೆ ಬೇಕು. ಆಗುಂಬೆಗೆ ಬೇಡ.

ಡೇಟಾ ಇಲ್ಲದಿದ್ದರೆ ಒಂದೇ ಒಂದು ಕೊರತೆ ಕಾಣುತ್ತದೆ. ಇಂಟರ್ನೆಟ್ ಇದ್ದಾಗ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ ಫೋನಿಗೆ ಕ್ಷಣದಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಉಪಗ್ರಹದ ಬಾಯಿಂದಲೇ ಕೇಳಬೇಕು, ಅದೋ ಸೆಕೆಂಡಿಗೆ ಬರೀ 50 ಬಿಟ್‌ನಂತೆ ನಿಧಾನವಾಗಿ ಹೇಳುತ್ತದೆ. ತುಂಬ ದಿನ ಮುಚ್ಚಿಟ್ಟ ಫೋನಿಗೆ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ಬೇಕಾಗಬಹುದು. ನಾನು ಹೊರಡುವ ದಿನ ಬೆಳಿಗ್ಗೆ ಸಾಮಾನು ತುಂಬುವಾಗಲೇ ಫೋನನ್ನು ಬಾನೆಟ್ಟಿನ ಮೇಲೆ ಇಟ್ಟುಬಿಡುತ್ತೇನೆ. ಹೊರಡುವಷ್ಟರಲ್ಲಿ ಸಿದ್ಧವಾಗಿರುತ್ತದೆ.

ಯಾವ ಫೋನಾದರೂ ಆಗುತ್ತದೆಯೇ ಎಂದರೆ ಇಲ್ಲ. ಮೊದಲು ಹಿಂಬದಿ ನೋಡಿ. ಬ್ಯಾಟರಿ ಉಬ್ಬಿ ಮುಚ್ಚಳ ಎದ್ದಿದ್ದರೆ ಆ ಫೋನನ್ನು ಕಾರಿನೊಳಗೆ ತರಲೇಬೇಡಿ, ಬಿಸಿಲಿನಲ್ಲಿ ಅದು ಅಪಾಯ. ನನ್ನದಕ್ಕೆ 1,200 ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಆಮೇಲೆ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆ್ಯಪ್ ಹಾಕಿ ಬಯಲಿನಲ್ಲಿ ನಿಂತು ನೋಡಿ. ಅಮೆರಿಕದ ಜಿಪಿಎಸ್ ಅಲ್ಲದೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈಡೌ ಉಪಗ್ರಹಗಳು ಎಷ್ಟೆಷ್ಟು ಸಿಗುತ್ತಿವೆ ಎಂದು ತೋರಿಸುತ್ತದೆ. ನಮ್ಮ ದೇಶದ್ದೇ ಆದ ನ್ಯಾವಿಕ್ ಕೂಡ ಕಾಣಿಸಿದರೆ ನನಗೆ ಪ್ರತಿ ಸಲವೂ ಖುಷಿ. ಅದರ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿ, ರಾಗಿ ಹೊಲಗಳ ನಡುವೆ ದೊಡ್ಡ ಬಿಳಿ ತಟ್ಟೆಗಳಿರುವಲ್ಲಿ. ಆ ಆ್ಯಪಿನಲ್ಲಿ ಎಲ್5 ಎಂಬ ಎರಡನೇ ತರಂಗವೂ ಬರುತ್ತಿದ್ದರೆ ನಿಮ್ಮ ಫೋನು ಘಟ್ಟಕ್ಕೆ ಹೇಳಿಮಾಡಿಸಿದ್ದು. ಬಂಡೆಗೋ ಮರಗಳಿಗೋ ತಾಗಿ ಸುತ್ತಿಬಳಸಿ ಬರುವ ಸಂಕೇತದಿಂದ ಚುಕ್ಕಿ ಪಕ್ಕದ ರಸ್ತೆಗೆ ಹಾರುವುದು ಆಗ ಕಡಿಮೆ. ಟ್ಯಾಬ್ಲೆಟ್ ಬಳಸೋಣ ಎನ್ನುವವರಿಗೆ ಒಂದು ಎಚ್ಚರಿಕೆ: ವೈಫೈ ಮಾತ್ರ ಇರುವ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದಿಲ್ಲ.

ನಕ್ಷೆಯ ವಿಷಯಕ್ಕೆ ಬರುತ್ತೇನೆ. ನಾನು ಎರಡು ಇಟ್ಟುಕೊಂಡಿದ್ದೇನೆ. ಗೂಗಲ್ ಮ್ಯಾಪ್ಸ್‌ನಲ್ಲಿ ಹೋಗುವ ದಾರಿಯ ಆಚೀಚೆ ಸೇರಿಸಿ ಎರಡು ಮೂರು ಚೌಕಗಳನ್ನು ಆಫ್‌ಲೈನ್ ಇಳಿಸಿಕೊಳ್ಳುತ್ತೇನೆ. ನೆಟ್ ಇಲ್ಲದಾಗ ಅದು ಕಾರಿನ ದಾರಿ ಹೇಳುತ್ತದೆ, ಆದರೆ ಟ್ರಾಫಿಕ್ ಆಗಲಿ ಬದಲಿ ದಾರಿಯಾಗಲಿ ತೋರಿಸುವುದಿಲ್ಲ. ಎರಡನೆಯದು ಆರ್ಗ್ಯಾನಿಕ್ ಮ್ಯಾಪ್ಸ್. ಜಗತ್ತಿನ ಸಾವಿರಾರು ಜನ ಕೈಯಾರೆ ಗುರುತು ಹಾಕಿ ಬೆಳೆಸಿರುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಅದರಲ್ಲಿದೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ, ದುಡ್ಡಿಲ್ಲ. ಒಮ್ಮೆ ಇಳಿಸಿಕೊಂಡರೆ ಪೂರ್ತಿ ಫೋನಿನೊಳಗೇ ಇರುತ್ತದೆ. ಕೊಲ್ಲೂರಿನ ಆ ರಾತ್ರಿ ಇದು ನನ್ನ ಹತ್ತಿರ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಎರಡೂ ಒಂದೇ ದಾರಿ ತೋರಿಸಿದರೆ ಧೈರ್ಯ. ಬೇರೆ ಬೇರೆ ತೋರಿಸಿದರೆ ಗಾಡಿ ನಿಲ್ಲಿಸಿ ಯಾರನ್ನಾದರೂ ಕೇಳುತ್ತೇನೆ.

ಹೊರಡುವ ವಾರ ಎರಡನ್ನೂ ಅಪ್‌ಡೇಟ್ ಮಾಡಲೇಬೇಕು. ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಅದಕ್ಕೂ ಮೊದಲು ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯಬೇಕಿತ್ತು. ಹಳೆಯ ನಕ್ಷೆ ಇಟ್ಟುಕೊಂಡು ಇವತ್ತು ಸಾಗರದಿಂದ ಹೊರಟರೆ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಕಣ್ಣೆದುರಿಗಿದ್ದರೂ ಅದು ಲಾಂಚನ್ನೇ ಹುಡುಕುತ್ತದೆ. ಇದರ ತಿರುಗುಮುರುಗು, ಅಂದರೆ ಇಲ್ಲದ ದಾರಿಯನ್ನು ನಕ್ಷೆ ಇದೆಯೆಂದು ತೋರಿಸುವುದು, ಇನ್ನೂ ಭಯಂಕರ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಅರ್ಧಕ್ಕೇ ತುಂಡಾಗಿದ್ದ ಸೇತುವೆಯಿಂದ ಕಾರು ನದಿಗೆ ಬಿದ್ದು ಮೂವರು ಸತ್ತರು. ಆ ಸುದ್ದಿ ಓದಿದ ದಿನದಿಂದ ರಾತ್ರಿ ಗುರುತಿಲ್ಲದ ರಸ್ತೆಯಲ್ಲಿ ಮ್ಯಾಪು "ನೇರ ಹೋಗಿ" ಎಂದರೂ ನನ್ನ ಕಾಲು ಬ್ರೇಕಿನ ಮೇಲಿರುತ್ತದೆ.

ಕೆಲವು ಸಂಗತಿಗಳನ್ನು ನೀವೇ ತಿಳಿದು ಹೊರಡಬೇಕು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ವಯನಾಡಿಗೋ ಊಟಿಗೋ ಹೋಗುವ ಹೆದ್ದಾರಿಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. 2009ರಿಂದ ಈ ನಿಯಮವಿದೆ, ಕಾಡುಪ್ರಾಣಿಗಳಿಗಾಗಿ, ಮತ್ತು ಅದು ಇರಲೇಬೇಕಾದದ್ದು ಎಂದು ನಾನು ನಂಬಿದ್ದೇನೆ. ಮೈಸೂರಿನಿಂದ ಎಂಟು ಗಂಟೆಗೆ ಹೊರಟವರಿಗೆ ಆಫ್‌ಲೈನ್ ನಕ್ಷೆ ಸಲೀಸಾಗಿ ಆ ದಾರಿಯನ್ನೇ ಹಾಕಿಕೊಟ್ಟರೆ ಚೆಕ್‌ಪೋಸ್ಟಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬೆಳಗಿನವರೆಗೆ ಕೂರಬೇಕಾದೀತು. ಮಳೆಗಾಲದಲ್ಲಿ ಶಿರಾಡಿ ಘಾಟಿಯ ದೋಣಿಗಾಲ್ ಹತ್ತಿರ ಗುಡ್ಡ ಕುಸಿಯುವುದು ಎಲ್ಲರಿಗೂ ಗೊತ್ತು. ಅಂಥ ದಿನ ಬೆಳಗಿನ ಪತ್ರಿಕೆಯೇ ನಿಮ್ಮ ನ್ಯಾವಿಗೇಟರ್.

ದುಡ್ಡು ಖರ್ಚು ಮಾಡಬೇಕಾದ ಜಾಗ ಹೋಲ್ಡರ್ ಮತ್ತು ಚಾರ್ಜರ್. ಇಲ್ಲಿ ಮಾತ್ರ ಜಿಪುಣತನ ಬೇಡ. ನಾನು ಮೊದಲು ತಂದ 150 ರೂಪಾಯಿಯ ಗಾಜಿಗಂಟುವ ಹೋಲ್ಡರ್ ಚಿತ್ರದುರ್ಗದ ಬಿಸಿಲಿಗೆ ಸಡಿಲಗೊಂಡು ಫೋನಿನ ಸಮೇತ ನನ್ನ ಕಾಲ ಬುಡಕ್ಕೆ ಬಿತ್ತು, ಬ್ರೇಕ್ ಪೆಡಲ್ಲಿನ ಪಕ್ಕಕ್ಕೆ. ಒಂದು ಕ್ಷಣ ಉಸಿರೇ ನಿಂತಿತ್ತು. ಈಗಿನದು 650 ರೂಪಾಯಿಯದು, ಎಸಿ ಕಿಂಡಿಗೆ ತಿರುಪಿನಿಂದ ಬಿಗಿಯಾಗುತ್ತದೆ. ಎಸಿಯ ಗಾಳಿ ಹಿಂದಿನಿಂದ ಬೀಸುವುದರಿಂದ ಫೋನು ತಣ್ಣಗಿರುತ್ತದೆ. ಇದು ಸಣ್ಣ ವಿಷಯವಲ್ಲ. ಏಪ್ರಿಲ್ ಬಿಸಿಲಲ್ಲಿ ಗಾಜಿನ ಕೆಳಗೆ ಇಟ್ಟ ಫೋನು ಕಾದು, ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಚಾರ್ಜ್ ಆಗುವುದು ನಿಲ್ಲುತ್ತದೆ, ಕೊನೆಗೆ ಆಫ್ ಆಗುತ್ತದೆ. ಚಾರ್ಜರ್ 18 ವ್ಯಾಟ್‌ನದು ಇರಲಿ. ಪೆಟ್ರೋಲ್ ಬಂಕಿನ ಪಕ್ಕ ನೂರು ರೂಪಾಯಿಗೆ ಸಿಗುವವುಗಳಲ್ಲಿ ಹಾಕಿಟ್ಟರೂ, ಪರದೆ ಮತ್ತು ಜಿಪಿಎಸ್ ಎರಡೂ ಓಡುವಾಗ ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಚಾರ್ಜರ್, ಕೇಬಲ್ ಸೇರಿ ನನಗಾದದ್ದು 750. ಹೋಲ್ಡರ್, ಬ್ಯಾಟರಿ ಎಲ್ಲ ಕೂಡಿಸಿದರೆ ಒಟ್ಟು 2,600 ರೂಪಾಯಿ.

ಕಾನೂನೂ ಇದನ್ನೇ ಬಯಸುತ್ತದೆ. 2020ರ ಅಕ್ಟೋಬರ್ 1ರಿಂದ ಜಾರಿಯಾದ ಕೇಂದ್ರ ಮೋಟಾರು ವಾಹನ ನಿಯಮದ ತಿದ್ದುಪಡಿಯ ಪ್ರಕಾರ ಚಾಲಕ ಫೋನನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ಕೆಡದ ಹಾಗೆ. ತೊಡೆಯ ಮೇಲೆ ಫೋನಿಟ್ಟುಕೊಂಡು ತಲೆ ತಗ್ಗಿಸುತ್ತಾ ಓಡಿಸುವವರನ್ನು ಹೆದ್ದಾರಿಯಲ್ಲಿ ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವರ ಹಿಂದೆ, ಮುಂದೆ ಓಡುವ ಗಾಡಿಗಳಲ್ಲೂ ಮಕ್ಕಳಿರುತ್ತಾರೆ.

ನಾನು ಪರದೆ ನೋಡುವುದನ್ನೇ ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲೇ ದಾರಿ ಹೇಳುತ್ತದೆ, ಮಗಳು ಆ ಸೆಟ್ಟಿಂಗ್ ಮಾಡಿಕೊಟ್ಟಳು. ಇದರಿಂದ ನನಗಿಂತ ಹೆಚ್ಚು ಲಾಭವಾದದ್ದು ಅಮ್ಮನಿಗೆ. ಮೊದಲೆಲ್ಲ ಕಾರು ಹತ್ತಿದ ಮೇಲೆ ಊರು ಬರುವ ತನಕ ಸುಮ್ಮನೆ ಕೂರುತ್ತಿದ್ದರು. ಈಗ "ಐನೂರು ಮೀಟರ್‌ಗೆ ಎಡಕ್ಕಂತೆ, ನಿಧಾನ ಮಾಡು" ಎಂದು ಹಿಂದಿನಿಂದ ಹೇಳುತ್ತಾರೆ. ಊರುಗಳ ಹೆಸರು ಕೇಳಿದಾಗ ಅಲ್ಲಿನ ನೆಂಟರು, ಹಳೆಯ ಜಾತ್ರೆಗಳು ನೆನಪಾಗುತ್ತವೆ. ಎಪ್ಪತ್ತೊಂದು ವರ್ಷದ ಅಮ್ಮ ನಮ್ಮ ಪ್ರಯಾಣದ ದಾರಿ ಹೇಳುವವರಾಗಿದ್ದಾರೆ. ಇಂಗ್ಲಿಷಿನಲ್ಲಿ ಹೇಳುವ ಯಂತ್ರ ತಂದಿದ್ದರೆ ಇದು ಆಗುತ್ತಿರಲಿಲ್ಲ.

ಮುಂದಿನ ತಿಂಗಳು ಸಕಲೇಶಪುರದಿಂದ ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗುವುದೆಂದು ಮಾಡಿದ್ದೇವೆ. ನಕ್ಷೆ ಎರಡೂ ಇಳಿಸಿಯಾಗಿದೆ, ಎರಡೂ ಒಂದೇ ದಾರಿ ತೋರಿಸುತ್ತಿವೆ. ಆದರೆ ಈ ಮಳೆಗಾಲದ ನಂತರ ರಸ್ತೆ ಹೇಗಿದೆಯೆಂದು ಯಾವುದೂ ಹೇಳುತ್ತಿಲ್ಲ. ಇತ್ತೀಚೆಗೆ ಚಿಕ್ಕ ಕಾರಿನಲ್ಲಿ ಆ ಕಡೆ ಹೋಗಿ ಬಂದವರಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ, ಅಮ್ಮ ಜೊತೆಗಿರುತ್ತಾರೆ.